ವೈ-ಫೈ ಗುರುತೇ ಮಾಯವಾದರೆ ರೂಟರ್ ಬಿಡಿ, ಕಾರ್ಡ್ ಹುಡುಕಿ

ಪ್ರಶ್ನೆ: ನಮ್ಮ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ವಿಂಡೋಸ್ 11 ಇದೆ. ಎರಡು ವರ್ಷದಿಂದ ವೈ-ಫೈ ಯಾವ ತೊಂದರೆಯೂ ಇಲ್ಲದೆ ಬರುತ್ತಿತ್ತು. ಮೊನ್ನೆ ಬೆಳಿಗ್ಗೆ ಆನ್ ಮಾಡಿದರೆ ಕೆಳಗಿನ ಮೂಲೆಯಲ್ಲಿ ವೈ-ಫೈ ಗುರುತೇ ಇಲ್ಲ, ಬರೀ ಗ್ಲೋಬ್ ಚಿತ್ರ ಇದೆ. ಸೆಟ್ಟಿಂಗ್ಸ್ ಒಳಗೂ ವೈ-ಫೈ ಅನ್ನುವ ಸಾಲೇ ಕಾಣುತ್ತಿಲ್ಲ. ಮನೆಯವರ ಮೊಬೈಲುಗಳಲ್ಲಿ ಅದೇ ರೂಟರಿನಿಂದ ನೆಟ್ ಚೆನ್ನಾಗಿ ಬರುತ್ತಿದೆ. ರೂಟರನ್ನು ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿದೆ. ಕಂಪ್ಯೂಟರನ್ನೂ ಶಟ್‌ಡೌನ್ ಮಾಡಿ ನೋಡಿದೆ. ಪರಿಚಯದವರೊಬ್ಬರು ಫಾರ್ಮ್ಯಾಟ್ ಮಾಡಿಸಿಬಿಡಿ ಅಂತಾರೆ. ಹತ್ತು ವರ್ಷದ ಫೋಟೋಗಳೆಲ್ಲ ಅದರಲ್ಲೇ ಇವೆ. ಏನು ಮಾಡಲಿ?

ಉತ್ತರ: ಮೊದಲ ಮಾತು, ದಯವಿಟ್ಟು ಫಾರ್ಮ್ಯಾಟ್ ಮಾಡಿಸಬೇಡಿ. ನೀವು ಹೇಳಿರುವ ಲಕ್ಷಣಕ್ಕೆ ಅದು ಮದ್ದಲ್ಲ. ಕಂಪ್ಯೂಟರಿನ ಒಳಗೆ ವೈ-ಫೈ ಸಿಗ್ನಲ್ ಹಿಡಿಯುವ ಕಾರ್ಡೇ ಸ್ತಬ್ಧವಾಗಿದ್ದರೆ ಅಥವಾ ಸಡಿಲವಾಗಿದ್ದರೆ, ವಿಂಡೋಸ್ ಹೊಸದಾಗಿ ಹಾಕಿದರೂ ಅದು ಹಾಗೇ ಇರುತ್ತದೆ. ಇನ್ನೊಂದು ಕಷ್ಟವೂ ಇದೆ. ಮನೆ ಬಳಕೆಯ ವಿಂಡೋಸ್ 11 ಹಾಕುವಾಗ ಮೊದಮೊದಲ ಹೆಜ್ಜೆಗಳಲ್ಲೇ ನೆಟ್ ಕೇಳುತ್ತದೆ. ನಿಮ್ಮ ಹತ್ತಿರ ಇಲ್ಲದಿರುವುದೇ ನೆಟ್ ಅಲ್ವಾ? ಫೋಟೋನೂ ಹೋಗಿ, ವೈ-ಫೈನೂ ಬರದೆ ಕೂತವರನ್ನು ನಾನು ನೋಡಿದ್ದೇನೆ. ಮನಸ್ಸಿಗೆ ತುಂಬಾ ಬೇಜಾರಾಗುತ್ತದೆ.

ರೂಟರಿನ ಕಡೆಯೂ ಇನ್ನು ಹೋಗಬೇಡಿ. «ನೆಟ್ ಇಲ್ಲ» ಅಂತ ನಾವು ಒಂದೇ ಮಾತಿನಲ್ಲಿ ಹೇಳುವ ತೊಂದರೆ ನಿಜವಾಗಿ ಮೂರು ಬೇರೆ ಬೇರೆ ಕಡೆ ಆಗಿರಬಹುದು. ಕಂಪ್ಯೂಟರಿನ ಒಳಗಿನ ವೈ-ಫೈ ಕಾರ್ಡ್ ವಿಂಡೋಸಿಗೆ ಕಾಣುತ್ತಿಲ್ಲ, ಇದು ಒಂದು. ಕಾರ್ಡ್ ಇದೆ, ಆದರೆ ಪಟ್ಟಿಯಲ್ಲಿ ನಿಮ್ಮ ರೂಟರಿನ ಹೆಸರು ಬರುತ್ತಿಲ್ಲ, ಇದು ಎರಡನೆಯದು. ರೂಟರಿಗೆ ಸೇರಿಕೊಂಡಿದೆ, ಆದರೂ ಪುಟಗಳು ತೆರೆಯುತ್ತಿಲ್ಲ, ಇದು ಮೂರನೆಯದು. ಸೆಟ್ಟಿಂಗ್ಸಿನಲ್ಲಿ ವೈ-ಫೈ ಅನ್ನುವ ಸಾಲೇ ಇಲ್ಲ ಅಂತ ನೀವು ಬರೆದಿದ್ದೀರಿ. ಬಹಳ ಒಳ್ಳೆಯ ಸುಳಿವು ಕೊಟ್ಟಿದ್ದೀರಿ. ಕಾರ್ಡ್ ಕಂಡಿದ್ದರೆ ಸಾಮಾನ್ಯವಾಗಿ ವಿಂಡೋಸ್ ಆ ಸಾಲನ್ನು ತಾನಾಗಿಯೇ ತೋರಿಸುತ್ತಿತ್ತು. ಅಂದರೆ ನಿಮ್ಮದು ಹೆಚ್ಚುಕಡಿಮೆ ಮೊದಲನೆಯ ಬಗೆ. ಈಗ ರೂಟರ್ ಆಫ್ ಮಾಡಿ ಆನ್ ಮಾಡುವುದು, ರೇಡಿಯೋನೇ ಇಲ್ಲದ ಮನೆಯಲ್ಲಿ ಸ್ಟೇಷನ್ ಹುಡುಕಿದ ಹಾಗೆ.

ಕಂಪ್ಯೂಟರನ್ನು ಶಟ್‌ಡೌನ್ ಮಾಡಿ ನೋಡಿದೆ ಅಂದಿರಿ. ಇಲ್ಲೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಅನ್ನುವ ಏರ್ಪಾಡು ಬಂದಿದೆ. ನೀವು ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮುಗಿಯುವುದಿಲ್ಲ. ತನ್ನ ಒಳಭಾಗದ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಮತ್ತೆ ಆನ್ ಮಾಡಿದಾಗ ಅದನ್ನೇ ಎತ್ತಿಕೊಂಡು ಬರುತ್ತದೆ, ಡ್ರೈವರುಗಳ (ಅಂದರೆ ಕಾರ್ಡಿನಂಥ ಭಾಗಗಳನ್ನು ವಿಂಡೋಸ್ ನಡೆಸಲು ಬೇಕಾದ ಪುಟ್ಟ ಸಾಫ್ಟ್‌ವೇರುಗಳ) ಸ್ಥಿತಿಯೂ ಸೇರಿ. ನಿನ್ನೆ ಕೆಟ್ಟು ಕೂತಿದ್ದ ಡ್ರೈವರ್ ಇವತ್ತೂ ಹಾಗೇ ಏಳಬಹುದು. ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಮೊದಲಿನಿಂದ ಶುರುವಾಗುತ್ತದೆ. ಕೇಳಲು ಉಲ್ಟಾ ಅನ್ನಿಸುತ್ತದೆ, ಆದರೆ ನಿಜ.

ನಿಮ್ಮ ವಿಷಯದಲ್ಲಿ ರೀಸ್ಟಾರ್ಟ್ ಕೂಡ ಸಾಲದೇ ಇರಬಹುದು. ವೈ-ಫೈ ಕಾರ್ಡ್ ಅನ್ನುವುದು ತನ್ನದೇ ಒಂದು ಪುಟ್ಟ ಕಂಪ್ಯೂಟರ್. ಅದರೊಳಗೆ ಅದರದೇ ಪ್ರೊಸೆಸರ್ ಇದೆ, ಅದರದೇ ಒಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್, ಓಡುತ್ತಿರುತ್ತದೆ. ಅದು ಒಮ್ಮೆ ಹ್ಯಾಂಗ್ ಆಯಿತು ಅಂದರೆ ಹೊರಗಿನಿಂದ ಎಷ್ಟು ಕರೆದರೂ ಓಗೊಡುವುದಿಲ್ಲ. ಕಂಪ್ಯೂಟರ್ ಆಫ್ ಆದರೂ ಪ್ಲಗ್ ಚುಚ್ಚಿರುವವರೆಗೆ ಒಳಗಿನ ಮುಖ್ಯ ಬೋರ್ಡಿಗೆ, ಅಂದರೆ ಮದರ್‌ಬೋರ್ಡಿಗೆ, ಸ್ವಲ್ಪ ಕರೆಂಟ್ ಹೋಗುತ್ತಲೇ ಇರುತ್ತದೆ. ಅಷ್ಟು ಕರೆಂಟ್ ಸಾಕು, ಹ್ಯಾಂಗ್ ಆದ ಕಾರ್ಡ್ ಹ್ಯಾಂಗ್ ಆಗಿಯೇ ಉಳಿಯಲು.

ಆದ್ದರಿಂದ ಬೇರೆ ಏನೂ ಮಾಡುವ ಮೊದಲು ಇದನ್ನು ಮಾಡಿ. ಕೀಬೋರ್ಡಿನಲ್ಲಿ ಶಿಫ್ಟ್ ಕೀ ಒತ್ತಿ ಹಿಡಿದುಕೊಂಡೇ ಶಟ್‌ಡೌನ್ ಒತ್ತಿ. ಹಾಗೆ ಮಾಡಿದರೆ ಫಾಸ್ಟ್ ಸ್ಟಾರ್ಟಪ್ ಇಲ್ಲದೆ ಪೂರ್ತಿ ಆಫ್ ಆಗುತ್ತದೆ. ಆಮೇಲೆ ಹಿಂಭಾಗದ ಪವರ್ ಕೇಬಲ್ಲನ್ನೇ ಕಿತ್ತುಬಿಡಿ. ಕೇಬಲ್ ಇಲ್ಲದಿರುವಾಗಲೇ ಮುಂದಿನ ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಕೆಲವು ಸಲ ಒಳಗಿನ ಫ್ಯಾನ್ ಒಂದು ಕ್ಷಣ ಅಲ್ಲಾಡಿ ನಿಲ್ಲುತ್ತದೆ. ಉಳಿದಿದ್ದ ಕರೆಂಟ್ ಖಾಲಿಯಾಯಿತು ಅಂತ ಅರ್ಥ. ಐದು ನಿಮಿಷ ಸುಮ್ನೆ ಬಿಟ್ಟು ಮತ್ತೆ ಕೇಬಲ್ ಹಾಕಿ ಆನ್ ಮಾಡಿ. ನಿನ್ನೆ ರಾತ್ರಿಯವರೆಗೆ ಸರಿಯಿದ್ದು ಬೆಳಿಗ್ಗೆ ದಿಢೀರಂತ ಮಾಯವಾದ ವೈ-ಫೈ ಎಷ್ಟೋ ಸಲ ಇಷ್ಟಕ್ಕೇ ವಾಪಸ್ ಬರುತ್ತದೆ. ಇಷ್ಟು ಸರಳವಾದದ್ದನ್ನು ಬಿಟ್ಟು ಯಾರಾದರೂ ಫಾರ್ಮ್ಯಾಟ್ ಅಂದರೆ ನನಗೆ ನಿಜಕ್ಕೂ ನೋವಾಗುತ್ತದೆ.

ಬರಲಿಲ್ಲವಾ? ಹಾಗಾದರೆ ಸ್ಟಾರ್ಟ್ ಬಟನ್ ಮೇಲೆ ಮೌಸಿನ ಬಲಗಡೆ ಕ್ಲಿಕ್ ಮಾಡಿ, ಡಿವೈಸ್ ಮ್ಯಾನೇಜರ್ ತೆರೆಯಿರಿ. ಅದರಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್ ಅನ್ನುವ ಸಾಲು ಹಿಗ್ಗಿಸಿ. ವ್ಯಾನ್ ಮಿನಿಪೋರ್ಟ್ ಅಂತ ಏಳೆಂಟು ಸಾಲು ಕಾಣುತ್ತವೆ. ಅವು ವಿಂಡೋಸಿನ ಒಳಗಿನ ಲೆಕ್ಕಾಚಾರ, ಅವನ್ನು ಮುಟ್ಟಬೇಡಿ. ಜಿಬಿಇ ಅಥವಾ ಈಥರ್ನೆಟ್ ಅಂತ ಇರುವುದು ವೈರ್ ಚುಚ್ಚುವ ಪೋರ್ಟು. ನಿಮಗೆ ಬೇಕಾದ ಸಾಲಿನಲ್ಲಿ ವೈ-ಫೈ, ವೈರ್‌ಲೆಸ್ ಅಥವಾ 802.11 ಅನ್ನುವ ಗುರುತು ಇರುತ್ತದೆ. 802.11 ಅನ್ನುವುದು ವೈ-ಫೈ ನಿಯಮಾವಳಿಯ ಸಂಖ್ಯೆ.

ಇಲ್ಲಿ ಏನು ಕಾಣುತ್ತದೆ ಅನ್ನುವುದರ ಮೇಲೆ ಮುಂದಿನ ದಾರಿಯೆಲ್ಲ ನಿಂತಿದೆ. ನಿಧಾನವಾಗಿ ನೋಡಿ.

ವೈ-ಫೈ ಸಾಲು ಇದೆ, ಅದರ ಚಿತ್ರದ ಮೇಲೆ ಪುಟ್ಟದೊಂದು ಕೆಳಮುಖದ ಬಾಣ ಇದೆ ಅಂದರೆ ಯಾರೋ ಅದನ್ನು ಡಿಸೇಬಲ್ ಮಾಡಿದ್ದಾರೆ. ಬಲಗಡೆ ಕ್ಲಿಕ್ ಮಾಡಿ ಎನೇಬಲ್ ಒತ್ತಿ, ಮುಗಿಯಿತು. ಹಳದಿ ತ್ರಿಕೋನ ಇದ್ದರೆ ಆ ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಡಿವೈಸ್ ಸ್ಟೇಟಸ್ ಅನ್ನುವ ಚೌಕದಲ್ಲಿ ಒಂದು ಕೋಡ್ ಇರುತ್ತದೆ. ಕೋಡ್ 10 ಅಂದರೆ ಕಾರ್ಡ್ ಶುರುವಾಗಲಿಲ್ಲ ಅಂತ. ಕೋಡ್ 43 ಅಂದರೆ ಕಾರ್ಡೇ ತನಗೆ ತೊಂದರೆ ಇದೆ ಅಂತ ಹೇಳಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ ಅಂತ. ಇವೆರಡೂ ಡ್ರೈವರಿನಿಂದಲೂ ಬರಬಹುದು, ಕಾರ್ಡಿನ ತೊಂದರೆಯಿಂದಲೂ ಬರಬಹುದು. ಕೋಡ್ 28 ಬಂದರೆ ಖುಷಿಪಡಿ. ಡ್ರೈವರ್ ಇಲ್ಲ ಅಂತ ಮಾತ್ರ ಅದರ ಅರ್ಥ. ಅದರ್ ಡಿವೈಸಸ್ ಅನ್ನುವ ಜಾಗದಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಅಂತ ಹಳದಿ ಗುರುತಿನ ಸಾಲು ಕಂಡರೂ ಅಷ್ಟೇ. ಕಾರ್ಡ್ ಇದೆ, ಅದಕ್ಕೆ ಡ್ರೈವರ್ ಬೇಕು.

ಏನೂ ಇಲ್ಲ, ವೈ-ಫೈ ಸುಳಿವೇ ಇಲ್ಲ ಅಂದರೆ ಮೇಲಿನ ವ್ಯೂ ಮೆನುವಿನಲ್ಲಿ ಶೋ ಹಿಡನ್ ಡಿವೈಸಸ್ ಒತ್ತಿ ನೋಡಿ. ಆಗ ವೈ-ಫೈ ಸಾಲು ಮಸುಕು ಬಣ್ಣದಲ್ಲಿ ಕಂಡರೆ, ಹಿಂದೆ ಇಲ್ಲಿ ಕಾರ್ಡ್ ಇತ್ತು, ಈಗ ಸಿಗುತ್ತಿಲ್ಲ ಅಂತ ವಿಂಡೋಸ್ ಹೇಳುತ್ತಿದೆ.

ಜೊತೆಗೆ ಬ್ಲೂಟೂತನ್ನೂ ಒಮ್ಮೆ ನೋಡಿ. ಈ ಸುಳಿವು ನನಗೆ ಬಹಳ ಇಷ್ಟ. ಈಚಿನ ಹೆಚ್ಚಿನ ಕಂಪ್ಯೂಟರುಗಳಲ್ಲಿ ವೈ-ಫೈ, ಬ್ಲೂಟೂತ್ ಎರಡೂ ಒಂದೇ ಕಾರ್ಡಿನ ಮೇಲಿರುತ್ತವೆ. ಆದರೆ ಮದರ್‌ಬೋರ್ಡಿನ ಜೊತೆ ಮಾತಾಡಲು ಬ್ಲೂಟೂತ್ ಯುಎಸ್‌ಬಿ ದಾರಿ ಹಿಡಿಯುತ್ತದೆ, ವೈ-ಫೈ ಬೇರೆ ದಾರಿ ಹಿಡಿಯುತ್ತದೆ. ಎರಡಕ್ಕೂ ಡ್ರೈವರ್ ಬೇರೆ ಬೇರೆ. ಎರಡೂ ಒಂದೇ ದಿನ ಹೋಗಿದ್ದರೆ ಡ್ರೈವರಿಗಿಂತ ಕಾರ್ಡಿನ ಮೇಲೆಯೇ ಅನುಮಾನ ಜಾಸ್ತಿ. ಬ್ಲೂಟೂತ್ ಚೆನ್ನಾಗಿದ್ದು ವೈ-ಫೈ ಮಾತ್ರ ಹೋಗಿದ್ದರೆ ಮೊದಲು ಡ್ರೈವರ್ ಕಡೆ ನೋಡಿ.

ಡ್ರೈವರ್ ಅಂದ ತಕ್ಷಣ ಎಲ್ಲರೂ ಕೇಳುವುದು ಇದನ್ನೇ. ನೆಟ್ ಇಲ್ಲದೆ ಡ್ರೈವರ್ ತರುವುದು ಹೇಗೆ? ನಿಮ್ಮ ಮೊಬೈಲ್ ಇದೆಯಲ್ಲ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಕಂಪ್ಯೂಟರಿಗೆ ಸೇರಿಸಿ. ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಕೆಲವೇ ಕ್ಷಣದಲ್ಲಿ ಕಂಪ್ಯೂಟರಿಗೆ ನೆಟ್ ಬರುತ್ತದೆ, ವೈರ್ ಹಾಕಿದ ಹಾಗೆ. ಫೋನ್ ಆಗ ಮನೆಯ ವೈ-ಫೈನಲ್ಲಿದ್ದರೆ ಅದೇ ವೈ-ಫೈಯನ್ನು ಕೇಬಲ್ ಮೂಲಕ ದಾಟಿಸುತ್ತದೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಚಾರ್ಜಿಗೆ ಮಾತ್ರ ಬರುವ ಕೇಬಲ್ ಇದಕ್ಕೆ ಆಗುವುದಿಲ್ಲ. ಫೈಲ್ ಕಾಪಿ ಮಾಡಲು ಬರುವ ಕೇಬಲ್ ಬೇಕು.

ನೆಟ್ ಸಿಕ್ಕಿತು ಅಂತ ಕಂಡಕಂಡ ಕಡೆಯಿಂದ ಡ್ರೈವರ್ ಇಳಿಸಬೇಡಿ. ಡ್ರೈವರ್ ಅಪ್‌ಡೇಟರ್ ಅಂತ ಬರುವ ಉಚಿತ ಸಾಫ್ಟ್‌ವೇರುಗಳ ಹತ್ತಿರ ಸುಳಿಯಲೂ ಬೇಡಿ. ಮೊದಲು ವಿಂಡೋಸ್ ಅಪ್‌ಡೇಟ್ ಒಳಗಿನ ಆಪ್ಷನಲ್ ಅಪ್‌ಡೇಟ್ಸ್ ನೋಡಿ. ಅಲ್ಲಿಲ್ಲದಿದ್ದರೆ ಕಂಪ್ಯೂಟರ್ ಅಥವಾ ಮದರ್‌ಬೋರ್ಡ್ ಕಂಪನಿಯ ಪುಟಕ್ಕೆ ಹೋಗಿ, ನಿಮ್ಮ ಮಾಡೆಲ್ ಹಾಕಿ ಹುಡುಕಿ. ಕಾರ್ಡ್ ಯಾರದು ಅಂತಲೇ ಗೊತ್ತಿಲ್ಲದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಆ ಸಾಲಿನ ಡೀಟೇಲ್ಸ್ ಪುಟಕ್ಕೆ ಹೋಗಿ, ಹಾರ್ಡ್‌ವೇರ್ ಐಡಿಸ್ ಆರಿಸಿ. ಉದ್ದದ ಒಂದು ಸಂಕೇತ ಬರುತ್ತದೆ. ಅದರ ಮೊದಲ ಭಾಗದಲ್ಲಿ ವಿಇಎನ್ ಅನ್ನುವ ಮೂರು ಅಕ್ಷರದ ಪಕ್ಕ ನಾಲ್ಕು ಅಂಕಿ ಅಥವಾ ಅಕ್ಷರ ಇರುತ್ತವೆ. 8086 ಇದ್ದರೆ ಇಂಟೆಲ್, 10ಇಸಿ ಇದ್ದರೆ ರಿಯಲ್‌ಟೆಕ್, 14ಸಿ3 ಇದ್ದರೆ ಮೀಡಿಯಾಟೆಕ್.

ತೊಂದರೆ ಶುರುವಾದ ಹಿಂದಿನ ದಿನ ವಿಂಡೋಸ್ ಅಪ್‌ಡೇಟ್ ಆಗಿತ್ತಾ, ನೆನಪು ಮಾಡಿಕೊಳ್ಳಿ. ಆಗಿದ್ದರೆ ಹೊಸ ಡ್ರೈವರ್ ಹುಡುಕುವುದಕ್ಕಿಂತ ಹಳೆಯದಕ್ಕೆ ಮರಳುವುದು ಮೇಲು. ವೈ-ಫೈ ಸಾಲಿನ ಡ್ರೈವರ್ ಪುಟದಲ್ಲಿ ರೋಲ್ ಬ್ಯಾಕ್ ಡ್ರೈವರ್ ಅಂತ ಬಟನ್ ಇದೆ. ಅದು ಮಸುಕಾಗಿದ್ದರೆ ಅಪ್‌ಡೇಟ್ ಡ್ರೈವರ್ ಒತ್ತಿ, ಕಂಪ್ಯೂಟರಿನಲ್ಲೇ ಹುಡುಕುವ ದಾರಿ ಹಿಡಿದು, ಪಟ್ಟಿಯಿಂದ ಆರಿಸುವ ಸಾಲು ಒತ್ತಿ. ಹಳೆಯ ಆವೃತ್ತಿಗಳು ಅಲ್ಲಿ ಇನ್ನೂ ಕೂತಿರಬಹುದು. ಅನ್‌ಇನ್‌ಸ್ಟಾಲ್ ಮಾಡುವುದಾದರೆ ಒಂದು ಎಚ್ಚರ. ಡ್ರೈವರನ್ನೂ ತೆಗೆದುಹಾಕಲಾ ಅಂತ ಕೇಳುವ ಚೌಕಕ್ಕೆ, ಹೊಸ ಡ್ರೈವರ್ ಫೈಲ್ ಕೈಯಲ್ಲಿ ಇಲ್ಲದೆ ಟಿಕ್ ಹಾಕಬೇಡಿ.

ಕಾರ್ಡ್ ಡಿವೈಸ್ ಮ್ಯಾನೇಜರಿನಲ್ಲಿ ಸರಿಯಾಗಿ ಕಾಣುತ್ತಿದ್ದೂ ವೈ-ಫೈ ಸಾಲು ಬರದಿದ್ದರೆ ವಿಂಡೋಸಿನ ಸರ್ವೀಸಸ್ ತೆರೆದು, ವೈ-ಫೈ ನಡೆಸುವ ಡಬ್ಲ್ಯುಲ್ಯಾನ್ ಆಟೋಕಾನ್ಫಿಗ್ ಅನ್ನುವ ಸಾಲು ನೋಡಿ. ಅದು ನಿಂತಿದ್ದರೆ ಸ್ಟಾರ್ಟ್ ಮಾಡಿ, ಆಟೊಮ್ಯಾಟಿಕ್ ಅಂತ ಇಡಿ. ವಿಂಡೋಸಿಗೂ ಮೊದಲು ಓಡುವ ಬಯೋಸ್ ಒಳಗೂ ಕೆಲವು ಕಂಪ್ಯೂಟರುಗಳಲ್ಲಿ ವೈರ್‌ಲೆಸ್ ಆಫ್ ಮಾಡುವ ಆಯ್ಕೆ ಇರುತ್ತದೆ. ಲ್ಯಾಪ್‌ಟಾಪ್ ಇರುವವರು ಪಕ್ಕದಲ್ಲಿ ವೈ-ಫೈ ಸ್ವಿಚ್ ಇದೆಯಾ, ಏರೋಪ್ಲೇನ್ ಮೋಡ್ ಆನ್ ಆಗಿದೆಯಾ ಅಂತಲೂ ನೋಡಿ.

ಇಷ್ಟಾದರೂ ಕಾರ್ಡ್ ಕಾಣದಿದ್ದರೆ ಡಬ್ಬ ಬಿಚ್ಚಬೇಕು. ನಾವೆಲ್ಲ ಸಿಪಿಯು ಅಂತ ಕರೆಯುವ ಆ ಡಬ್ಬ. ಹೆದರುವಂಥದ್ದೇನಿಲ್ಲ. ಪವರ್ ಕೇಬಲ್ ಕಿತ್ತಿಡಿ. ಡಬ್ಬದ ಬಣ್ಣವಿಲ್ಲದ ಲೋಹದ ಭಾಗವನ್ನು ಕೈಯಿಂದ ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಟಾಟಿಕ್ ಹೋಗಲಿ. ವೈ-ಫೈ ಕಾರ್ಡ್ ಅಂದರೆ ಅಂಚೆ ಚೀಟಿಯಷ್ಟು ಹಸಿರು ಅಥವಾ ಕಪ್ಪು ಬಿಲ್ಲೆ. 2230 ಅನ್ನುವ ಅಳತೆಯದು, ಅಂದರೆ 22 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಉದ್ದ. ಒಂದು ತುದಿ ಸ್ಲಾಟಿನಲ್ಲಿ ಕೂತಿರುತ್ತದೆ, ಇನ್ನೊಂದು ತುದಿಯನ್ನು ಒಂದೇ ಒಂದು ಸ್ಕ್ರೂ ಹಿಡಿದಿರುತ್ತದೆ. ಆ ಸ್ಕ್ರೂ ಸಡಿಲವಾದರೆ ಕಾರ್ಡ್ ಕೂದಲೆಳೆಯಷ್ಟು ಮೇಲೆದ್ದು ಸಂಪರ್ಕ ತಪ್ಪುತ್ತದೆ.

ನನ್ನ ಮೇಜಿನ ಮೇಲೆ ಬಂದ ಒಂದು ಕಂಪ್ಯೂಟರಿನಲ್ಲಿ ಇದೇ ಆಗಿತ್ತು. ಮಂಚದ ಕೆಳಗಿಂದ ಮೇಜಿನ ಪಕ್ಕಕ್ಕೆ ಎತ್ತಿಟ್ಟ ದಿನದಿಂದ ವೈ-ಫೈ ಹೋಗಿತ್ತು. ವಿಂಡೋಸನ್ನು ಎರಡು ಸಲ ಹೊಸದಾಗಿ ಹಾಕಿಸಿದ್ದರು. ಬಿಚ್ಚಿ ನೋಡಿದರೆ ಕಾರ್ಡಿನ ಒಂದು ತುದಿ ಓರೆಯಾಗಿ ನಿಂತಿತ್ತು. ತೆಗೆದು, ಬಂಗಾರ ಬಣ್ಣದ ಪಟ್ಟಿಗಳನ್ನು ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಮತ್ತೆ ಕೂರಿಸಿ ಸ್ಕ್ರೂ ಬಿಗಿದೆ. ಕಾರ್ಡಿನ ಮೇಲೆ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಎರಡು ದುಂಡನೆಯ ಗುಬುಟುಗಳಿರುತ್ತವೆ. ಆಂಟೆನಾ ವೈರಿನ ತುದಿಗಳು ಅವುಗಳ ಮೇಲೆ ಕೂರಬೇಕು. ನೇರವಾಗಿ ಇಟ್ಟು ಉಗುರಿನಿಂದ ಒತ್ತಿದರೆ «ಟಿಕ್» ಅಂತ ಸಣ್ಣ ಸದ್ದು ಬರುತ್ತದೆ. ಆ ಸದ್ದು ಬರುವ ಮೊದಲೇ ಬಲ ಹಾಕಿ ಒತ್ತಿದರೆ ತುದಿ ಚಪ್ಪಟೆಯಾಗಿ ಹಾಳಾಗುತ್ತದೆ. ಅವತ್ತು ಎರಡೂ ಟಿಕ್ ಅಂದವು. ಆನ್ ಮಾಡಿದ ತಕ್ಷಣ ವೈ-ಫೈ ಬಂತು. ಎರಡು ಸಲ ವಿಂಡೋಸ್ ಹಾಕಿಸಿದ ಶ್ರಮ ನೆನೆಸಿಕೊಂಡು ಆ ಮನೆಯವರು ಸ್ವಲ್ಪ ಹೊತ್ತು ಮಾತಾಡಲೇ ಇಲ್ಲ.

ಕೆಲವು ಮದರ್‌ಬೋರ್ಡುಗಳಲ್ಲಿ ಕಾರ್ಡನ್ನು ಹಿಂಭಾಗದ ಪೋರ್ಟುಗಳ ಹತ್ತಿರ ತಗಡಿನ ಗೂಡಿನಲ್ಲಿ ಮುಚ್ಚಿಟ್ಟಿರುತ್ತಾರೆ. ಅದನ್ನು ಕೀಳಲು ಹೋಗಬೇಡಿ. ರಿಪೇರಿಯವರಿಗೇ ಬಿಡಿ.

ತಪ್ಪು ಕಾರ್ಡಿನದಾ ವಿಂಡೋಸಿನದಾ ಅಂತ ಖಚಿತವಾಗಿ ತಿಳಿಯಲು ನಾನು ಹೆಚ್ಚು ನಂಬುವ ಪರೀಕ್ಷೆ ಒಂದಿದೆ. ವಿಂಡೋಸಿನ ಬದಲು ಓಡಿಸಬಹುದಾದ ಉಬುಂಟು ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದ ಕಂಪ್ಯೂಟರ್ ಬೂಟ್ ಮಾಡಿ. ಇನ್‌ಸ್ಟಾಲ್ ಒತ್ತಬೇಡಿ, ಟ್ರೈ ಅನ್ನುವುದನ್ನು ಮಾತ್ರ ಒತ್ತಿ. ನಿಮ್ಮ ಡಿಸ್ಕಿನ ಫೋಟೋಗಳಿಗೆ ಏನೂ ಆಗುವುದಿಲ್ಲ. ಅಲ್ಲಿ ವೈ-ಫೈ ಬಂದರೆ ಕಾರ್ಡ್ ಗಟ್ಟಿಯಾಗಿದೆ, ವಿಂಡೋಸಿನ ಡ್ರೈವರ್ ಕಡೆ ಮರಳಿ ಹೋಗಿ. ಅಲ್ಲೂ ಬರದೆ ಬ್ಲೂಟೂತ್ ಕೂಡ ಸಿಗದಿದ್ದರೆ ಕಾರ್ಡ್ ಹೋಗಿದೆ ಅಂತ ಹೆಚ್ಚುಕಡಿಮೆ ನಂಬಬಹುದು.

ಹೋದರೆ ಬೇರೆ ಹಾಕಿಸಿದರಾಯಿತು. ಇಲ್ಲಿ ಬಹಳ ಜನ ಎಡವುತ್ತಾರೆ. ಇಂಟೆಲ್ ಕಂಪನಿಯ ಎಎಕ್ಸ್200, ಎಎಕ್ಸ್201 ಅನ್ನುವ ಎರಡು ಕಾರ್ಡುಗಳು ನೋಡಲು ಅಣ್ಣ-ತಮ್ಮಂದಿರ ಹಾಗಿವೆ. ಆದರೆ 201ರ ಅರ್ಧ ಕೆಲಸವನ್ನು ಇಂಟೆಲ್ ಮದರ್‌ಬೋರ್ಡಿನ ಚಿಪ್‌ಸೆಟ್ಟೇ ಮಾಡುತ್ತದೆ. ಅದನ್ನು ಎಎಂಡಿ ಕಂಪನಿಯ ಪ್ರೊಸೆಸರ್ ಕೂರುವ ಮದರ್‌ಬೋರ್ಡಿಗೆ ಹಾಕಿದರೆ ಅಲುಗಾಡುವುದೂ ಇಲ್ಲ. 200 ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತದೆ, ಎರಡೂ ಕಡೆ ನಡೆಯುತ್ತದೆ. ಕೊಳ್ಳುವ ಮೊದಲು ನಿಮ್ಮ ಬೋರ್ಡಿಗೆ ಯಾವುದು ಆಗುತ್ತದೆ ಅಂತ ಕೇಳಿಕೊಳ್ಳಿ.

ಬಿಚ್ಚುವ ಗೋಜೇ ಬೇಡ ಅನ್ನಿಸಿದರೆ ಯುಎಸ್‌ಬಿ ಡಾಂಗಲ್, ಅಂದರೆ ಹೊರಗಿನಿಂದ ಚುಚ್ಚುವ ಪುಟ್ಟ ವೈ-ಫೈ ಸಾಧನ ಸಾಕು. ಕೆಲವು ಡಾಂಗಲ್ಲುಗಳು ಚುಚ್ಚಿದ ಕೂಡಲೇ ವೈ-ಫೈ ಆಗದೆ ಸಿಡಿ ಡ್ರೈವ್ ಹಾಗೆ ಕಾಣುತ್ತವೆ. ಅದರೊಳಗೆ ಡ್ರೈವರ್ ಇರುತ್ತದೆ. ಅದನ್ನು ಹಾಕಿದ ಮೇಲೆ ವೈ-ಫೈ ಆಗಿ ಬದಲಾಗುತ್ತವೆ. ಡಾಂಗಲ್ಲನ್ನು ಡಬ್ಬದ ಹಿಂದೆ, ಯುಎಸ್‌ಬಿ 3 ಹಾರ್ಡ್ ಡಿಸ್ಕಿನ ಪಕ್ಕ ಚುಚ್ಚಬೇಡಿ. ಯುಎಸ್‌ಬಿ 3 ಕೆಲಸ ಮಾಡುವಾಗ ಹೊರಡುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಹತ್ತಿರವೇ ಬೀಳುತ್ತದೆ. ವೈ-ಫೈ ಬಳಸುವ ಎರಡು ಮುಖ್ಯ ರೇಡಿಯೋ ತರಂಗಗಳಲ್ಲಿ ಇದೂ ಒಂದು, ಇನ್ನೊಂದು 5 ಗಿಗಾಹರ್ಟ್ಸ್. ಫೈಲ್ ಕಾಪಿ ಶುರುವಾದ ಕೂಡಲೇ ನೆಟ್ ಸತ್ತು, ಕಾಪಿ ಮುಗಿದ ಮೇಲೆ ಜೀವ ಬರುವುದು ಇದರಿಂದಲೇ. ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ಲನ್ನು ಮೇಜಿನ ಮೇಲೆ ತಂದಿಟ್ಟರೆ ಈ ಕಾಟವೂ ಇಲ್ಲ, ಲೋಹದ ಡಬ್ಬದ ಅಡ್ಡವೂ ಇಲ್ಲ. ರೂಟರ್ ಪಕ್ಕದಲ್ಲೇ ಇದ್ದರೆ ಇದ್ಯಾವುದೂ ಬೇಡ. ವೈರ್ ಎಳೆದುಬಿಡಿ. ಅದರಷ್ಟು ನಂಬಿಕೆಯದ್ದು ಬೇರೆ ಇಲ್ಲ.

ವೈ-ಫೈ ಸಾಲು ವಾಪಸ್ ಬಂದ ಮೇಲೆ ಪಟ್ಟಿಯಲ್ಲಿ ನಿಮ್ಮ ರೂಟರಿನ ಹೆಸರು ಇಲ್ಲದಿದ್ದರೆ ಗಾಬರಿಯಾಗಬೇಡಿ. ಹಳೆಯ ಅಥವಾ ಅಗ್ಗದ ಡಾಂಗಲ್ಲಿಗೆ 2.4 ಗಿಗಾಹರ್ಟ್ಸ್ ಮಾತ್ರ ಕಾಣುತ್ತದೆ. ರೂಟರಿನಲ್ಲಿ 5 ಮಾತ್ರ ಆನ್ ಇದ್ದರೆ ಇದಕ್ಕೆ ಕುರುಡು. ರೂಟರ್ ಆಗಷ್ಟೇ ಆನ್ ಆಗಿದ್ದರೂ ಸ್ವಲ್ಪ ಕಾಯಿರಿ. 5 ಗಿಗಾಹರ್ಟ್ಸಿನ ಕೆಲವು ಚಾನೆಲ್ಲುಗಳನ್ನು ರೇಡಾರುಗಳೂ ಬಳಸುತ್ತವೆ. ಅಲ್ಲಿ ರೇಡಾರ್ ಇಲ್ಲ ಅಂತ ರೂಟರ್ ಕನಿಷ್ಠ ಒಂದು ನಿಮಿಷ ಕಿವಿಗೊಟ್ಟು ಕೇಳಿ, ಆಮೇಲೆಯೇ ತನ್ನ ಹೆಸರು ಹೊರಗೆ ಬಿಡುತ್ತದೆ. ಹೆಸರು ಕಂಡರೂ ಒಂದೇ ಕಡ್ಡಿ ಸಿಗ್ನಲ್ ಇದ್ದರೆ ಡಬ್ಬದ ಹಿಂದೆ ಆಂಟೆನಾ ತಿರುಗಿಸಿ ಕೂರಿಸಿದ್ದೀರಾ ನೋಡಿ. ಡಬ್ಬ ಎತ್ತಿಡುವಾಗ ಬಿಚ್ಚಿ ಮರೆತಿರುವುದು ಸಾಮಾನ್ಯ.

ಇನ್ನು ಸೇರಿಕೊಂಡರೂ ನೆಟ್ ಬರದಿದ್ದರೆ ಕಂಪ್ಯೂಟರಿನ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದರ ಗುರುತಿನ ಸಂಖ್ಯೆ ನೋಡಿ. 169.254ರಿಂದ ಶುರುವಾದರೆ ರೂಟರ್ ವಿಳಾಸ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದು ಇಟ್ಟುಕೊಂಡಿದೆ. ಆ ವೈ-ಫೈಯನ್ನು ಫರ್ಗೆಟ್ ಮಾಡಿ, ಪಾಸ್‌ವರ್ಡ್ ಹಾಕಿ ಮತ್ತೆ ಸೇರಿಸಿ. ತಾರೀಖು, ಸಮಯ ತಪ್ಪಿದ್ದರೂ ಪುಟಗಳು ತೆರೆಯುವುದಿಲ್ಲ. ನೆಟ್‌ವರ್ಕ್ ರೀಸೆಟ್ ಅನ್ನುವ ಬಟನ್ ಕಡೆಯ ಉಪಾಯ. ಅದು ಉಳಿಸಿಟ್ಟ ವೈ-ಫೈ ಪಾಸ್‌ವರ್ಡುಗಳನ್ನೆಲ್ಲ ಅಳಿಸುತ್ತದೆ, ಮೊದಲೇ ಬರೆದಿಟ್ಟುಕೊಳ್ಳಿ.

ನಿಮ್ಮ ಫೋಟೋಗಳನ್ನು ಮಾತ್ರ ಇವತ್ತೇ ಒಂದು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಅದಕ್ಕೆ ನೆಟ್ ಬೇಕಿಲ್ಲ. ಆಮೇಲೆ ಪವರ್ ಕೇಬಲ್ ಕೀಳುವುದರಿಂದ ಶುರು ಮಾಡಿ. ಅದರಿಂದ ಸರಿಯಾಗದಿದ್ದರೆ ಡಿವೈಸ್ ಸ್ಟೇಟಸ್ ಚೌಕದಲ್ಲಿರುವ ಸಾಲು, ಹಾರ್ಡ್‌ವೇರ್ ಐಡಿಯ ಮೊದಲ ಸಾಲು, ಬ್ಲೂಟೂತ್ ಇದೆಯೋ ಇಲ್ಲವೋ, ಇಷ್ಟನ್ನು ಬರೆದು ಕಳಿಸಿ. ಮುಂದೇನು ಅಂತ ಹೇಳುತ್ತೇನೆ.